ಬೆಲ್ಲನಿಗೆ ಬಂದ ಕೊರೊನಾ: ಕತ್ರಿಗುಪ್ಪೆಯ ಒಂದು ಮನೆಯ 84 ದಿನ

2024ರ ಆಗಸ್ಟ್ 1, ಗುರುವಾರ ಮಧ್ಯಾಹ್ನ. ಕತ್ರಿಗುಪ್ಪೆಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆಗೆ ಕ್ಲಿನಿಕ್ಕಿನಿಂದ ವಾಟ್ಸಾಪ್‌ನಲ್ಲಿ ಒಂದು ಸಾಲು ಬಂತು. "ಬೆಲ್ಲ, ಕೊರೊನಾ ಪಾಸಿಟಿವ್. ಬಂದು ಡಾಕ್ಟರನ್ನು ನೋಡಿ." ಅಷ್ಟೇ. ಬೆಲ್ಲ ಅನ್ನುವುದು ಹತ್ತು ತಿಂಗಳ ಗಂಡು ಬೆಕ್ಕು, ಹೆಸರಿನ ಹಾಗೇ ಬಣ್ಣ. ಆ ಒಂದು ಸಾಲಿನಿಂದ ಆ ಮನೆಯಲ್ಲಿ ನಾಲ್ಕು ದಿನ ಏನೇನಾಯಿತು, ಆಮೇಲೆ 84 ದಿನ ಏನಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕ್ಲಿನಿಕ್ಕುಗಳ ಹೆಸರು ಹಾಕುವುದಿಲ್ಲ, ಕೇಳಬೇಡಿ.

ನನಗೂ ಇದಕ್ಕೂ ಏನು ಸಂಬಂಧ ಅಂದರೆ, ಬೆಲ್ಲ ನಮ್ಮ ಮನೆಯಿಂದ ಹೋದ ಮರಿ. ವಿಜಯನಗರದ ನಮ್ಮ ಮನೆಯಲ್ಲಿ ಬೀದಿಯ ಬೆಕ್ಕಿನ ಮರಿಗಳನ್ನು ತಂದು, ಸಾಕಿ, ಲಸಿಕೆ ಹಾಕಿಸಿ, ಬೇಕಾದವರಿಗೆ ಕೊಡುತ್ತೇನೆ. ಹಳೆ ಆಫೀಸಿನ ಗೆಳತಿಯೊಬ್ಬಳು ಬಂದು ಇವನನ್ನು ತೆಗೆದುಕೊಂಡು ಹೋದಳು. ಅವಳ ಮನೆಯಲ್ಲಿ ಗಂಡ, ಅತ್ತೆ, ಮತ್ತೆ ರಾಗಿ ಅಂತ ಒಂದು ಬೀದಿನಾಯಿ, ಏಳು ವರ್ಷದ್ದು. ಈ ಅತ್ತೆಯನ್ನು ನಾನು ಅಮ್ಮ ಅಂತಲೇ ಕರೆಯುವುದು. ಮಳವಳ್ಳಿ ಕಡೆಯವರು. 2021ರ ಮೇ ತಿಂಗಳಲ್ಲಿ ಅವರಿಗೆ ಕೋವಿಡ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮಗ ರೆಮ್‌ಡೆಸಿವಿರ್ ಔಷಧಿ ಹುಡುಕಿಕೊಂಡು ಊರೆಲ್ಲ ಅಲೆದಿದ್ದ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಕಾಯಿಲೆಗೆ ಬರೋಣ.

ಜೂನ್‌ನಲ್ಲಿ ಬೆಲ್ಲನಿಗೆ ಸಂತಾನ ಆಗದ ಹಾಗೆ ಆಪರೇಷನ್ ಆಯಿತು. ಜುಲೈ ಮೊದಲ ವಾರ ಇವರು ಮನೆ ಬದಲಾಯಿಸಿದರು. ಹೊಸ ಮನೆಯಲ್ಲಿ ಅವನು ಎರಡು ದಿನ ಮಂಚದ ಕೆಳಗಿಂದ ಈಚೆಗೇ ಬರಲಿಲ್ಲವಂತೆ. ಇದೆಲ್ಲ ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಜುಲೈ 20ರ ಹೊತ್ತಿಗೆ ಊಟ ಕಮ್ಮಿ ಆಯಿತು, ಆಟ ನಿಂತಿತು, ಆದರೆ ಹೊಟ್ಟೆ ಮಾತ್ರ ದುಂಡಗಾಗುತ್ತಾ ಬಂತು. ಅಮ್ಮ "ಹೊಸ ಮನೆ ಒಗ್ಗಿದೆ, ದಪ್ಪ ಆಗ್ತಿದಾನೆ" ಅಂದರಂತೆ. ಗೆಳತಿ ಬೆನ್ನು ಸವರಿ ನೋಡಿದಾಗ ಬೆನ್ನುಮೂಳೆ ಒಂದೊಂದೂ ಕೈಗೆ ಸಿಗುತ್ತಿತ್ತು. ಹೊಟ್ಟೆ ದಪ್ಪ, ಬೆನ್ನು ಸಣ್ಣ. ಬೆಕ್ಕು ಸಾಕಿದವರು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ, ಇದು ಕೊಬ್ಬು ಅಲ್ಲ.

ಜುಲೈ 24ಕ್ಕೆ ಮೊದಲ ಕ್ಲಿನಿಕ್. ಜ್ವರ 104.6 ಡಿಗ್ರಿ. ಬೆಕ್ಕಿಗೆ 102.5ರ ತನಕ ಸಹಜ. ಹೊಟ್ಟೆ ನೋಡಿ ಜಂತುಹುಳದ ಔಷಧಿ ಕೊಟ್ಟರು, ಐದು ದಿನ ಆಂಟಿಬಯೋಟಿಕ್ ಸೂಜಿ ಹಾಕಿದರು. ಜ್ವರ ಒಂದು ಡಿಗ್ರಿ ಇಳಿಯುವುದು, ರಾತ್ರಿ ಮತ್ತೆ ಏರುವುದು. ಐದನೇ ದಿನಕ್ಕೂ ಹಾಗೇ. ಆ ಡಾಕ್ಟರನ್ನು ನಾನು ಬೈಯುವುದಿಲ್ಲ, ಎಳೆ ಬೆಕ್ಕಿನ ದೊಡ್ಡ ಹೊಟ್ಟೆಗೆ ಮೊದಲು ಹುಳ ಅಂದುಕೊಳ್ಳುವುದು ತಪ್ಪೇನಲ್ಲ. ಆದರೆ ಆಂಟಿಬಯೋಟಿಕ್‌ಗೆ ಮೂರು ದಿನವಾದರೂ ಜ್ವರ ಜಗ್ಗದಿದ್ದರೆ ಒಂದು ಸ್ಕ್ಯಾನ್ ಮಾಡಿಸಬೇಕಿತ್ತು. ಗೆಳತಿಯೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೂ ಯಾರೂ ಫೋನ್ ಮಾಡಲಿಲ್ಲ. ಮಾಡಿದ್ದರೆ ಅವತ್ತೇ ಅನುಮಾನ ಬರುತ್ತಿತ್ತೇನೋ ಅಂತ ಈಗ ಅಂದುಕೊಳ್ಳುವುದು ಸುಲಭ.

ಜುಲೈ 30ಕ್ಕೆ ಎರಡನೇ ಕ್ಲಿನಿಕ್. ಸ್ಕ್ಯಾನ್‌ನಲ್ಲಿ ಹೊಟ್ಟೆ ತುಂಬ ನೀರು. ಸೂಜಿಯಿಂದ ಸ್ವಲ್ಪ ಹೊರಗೆ ತೆಗೆದರು. ಗೆಳತಿ ಫೋಟೋ ತೆಗೆದಿದ್ದಳು, ಆಮೇಲೆ ನೋಡಿದೆ. ಹೊಂಬಣ್ಣದ ಹಳದಿ, ಬೆರಳಲ್ಲಿ ಹಿಡಿದರೆ ಒಂದೆಳೆ ಪಾಕದ ಹಾಗೆ ಎಳೆ ಬರುತ್ತದೆ. ಮಾಮೂಲಿ ನೀರು ಹಾಗಿರುವುದಿಲ್ಲ. ಅದರಲ್ಲಿ ಪ್ರೋಟೀನ್ ತುಂಬಿರುವುದರಿಂದ ಆ ಅಂಟು. ಡಾಕ್ಟರ್ ಅಲ್ಲೇ ಒಂದು ಹಳೇ ಪರೀಕ್ಷೆ ಮಾಡಿದರು, ರಿವಾಲ್ಟಾ ಟೆಸ್ಟ್ ಅಂತ. ಗಾಜಿನ ನಳಿಕೆಯಲ್ಲಿ ನೀರು, ಅದಕ್ಕೆ ಒಂದು ಹನಿ ಅಸಿಟಿಕ್ ಆಸಿಡ್, ಮೇಲಿಂದ ಹೊಟ್ಟೆಯ ಆ ದ್ರವದ ಒಂದು ಹನಿ. ಹನಿ ಕರಗಿ ಹೋದರೆ ಎಫ್‌ಐಪಿ ಅನ್ನುವ ಬೆಕ್ಕಿನ ಕಾಯಿಲೆ ಇರುವ ಸಾಧ್ಯತೆ ತೀರಾ ಕಮ್ಮಿ. ಬೆಲ್ಲನ ಹನಿ ಕರಗಲಿಲ್ಲ, ಮೊಟ್ಟೆಯ ಲೋಳೆಯ ಹಾಗೆ ಮುದ್ದೆಯಾಗಿ ಮೆಲ್ಲಗೆ ತಳಕ್ಕೆ ಇಳಿಯಿತು. ಖರ್ಚು ಹೆಚ್ಚು ಕಮ್ಮಿ ಸೊನ್ನೆ. ಕರಗದೆ ಉಳಿದದ್ದು ಇದೇ ಕಾಯಿಲೆ ಅಂತ ಖಂಡಿತ ಹೇಳುವುದಿಲ್ಲ, ಬೇರೆ ಸೋಂಕಿನಲ್ಲೂ ಹಾಗಾಗಬಹುದು. ಆದ್ದರಿಂದ ರಕ್ತವನ್ನೂ ತೆಗೆದುಕೊಂಡರು. ರಕ್ತದ ಎರಡು ಬಗೆಯ ಪ್ರೋಟೀನ್‌ಗಳಲ್ಲಿ ಆಲ್ಬುಮಿನ್ 2.1, ಗ್ಲಾಬ್ಯುಲಿನ್ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.35. ಈ ಲೆಕ್ಕ 0.8ಕ್ಕಿಂತ ಮೇಲಿದ್ದರೆ ನಿರಾಳ, 0.4ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ. ಜೊತೆಗೆ ರಕ್ತಹೀನತೆ, ಸ್ವಲ್ಪ ಕಾಮಾಲೆ. ಹೊಟ್ಟೆಯ ದ್ರವವನ್ನು ಆರ್‌ಟಿ-ಪಿಸಿಆರ್‌ಗೆ ಕಳಿಸಿದರು.

ಡಾಕ್ಟರ್ ಅವತ್ತೇ "ಎಫ್‌ಐಪಿ ಇರಬಹುದು" ಅಂದಿದ್ದರಂತೆ. ಫೆಲೈನ್ ಇನ್‌ಫೆಕ್ಷಿಯಸ್ ಪೆರಿಟೊನೈಟಿಸ್, ಬೆಕ್ಕಿನದೇ ಆದ ಒಂದು ಕೊರೊನಾ ವೈರಸ್ಸಿನಿಂದ ಬರುವ ಕಾಯಿಲೆ. ಗೆಳತಿಗೆ ಆ ಹೆಸರು ಬಾಯಿಗೂ ಬರಲಿಲ್ಲ, ತಲೆಗೂ ಹೋಗಲಿಲ್ಲ. ಎರಡು ದಿನದ ಮೇಲೆ ಬಂದ ಮೆಸೇಜಿನಲ್ಲಿ ಇದ್ದದ್ದು ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದ ಪದ.

ಲ್ಯಾಬಿನ ವರದಿಯಲ್ಲಿ "ಫೆಲೈನ್ ಕೊರೊನಾವೈರಸ್" ಅಂತ ಸರಿಯಾಗೇ ಇತ್ತು. ಕ್ಲಿನಿಕ್ಕಿನ ಕೌಂಟರಿನಲ್ಲಿದ್ದವರು ಮೆಸೇಜ್ ಟೈಪ್ ಮಾಡುವಾಗ "ಫೆಲೈನ್" ಬಿಟ್ಟರು. ಬೆಕ್ಕಿನದು ಅಂತ ಹೇಳುವ ಒಂದು ಪದ. ಗೆಳತಿ ಮೀಟಿಂಗಿನಲ್ಲಿ ಕೂತು ಅದನ್ನು ಹಾಗೇ ಮನೆಯವರ ಗ್ರೂಪಿಗೆ ದಾಟಿಸಿದಳು. ಅಲ್ಲಿಂದ ಕತೆ ಓಡಿತು. ಅಮ್ಮ ಮಾಸ್ಕ್ ಹುಡುಕಿ ಹಾಕಿಕೊಂಡು ರೂಮಿನ ಬಾಗಿಲು ಹಾಕಿಕೊಂಡರು. ಗೆಳತಿಯ ಮೈದುನ ಫೋನ್ ಮಾಡಿ "ಅಮ್ಮನ್ನ ನಮ್ಮನೆಗೆ ಕಳಿಸಿ, ಮೊದಲು ಆ ಬೆಕ್ಕನ್ನ ಎಲ್ಲಾದ್ರೂ ಬಿಟ್ಬಿಟ್ಟು ಬನ್ನಿ" ಅಂದ. ಮನೆಕೆಲಸದವರಿಗೆ ಗೊತ್ತಾಗಿ ಶುಕ್ರವಾರದಿಂದ ಬರುವುದು ನಿಲ್ಲಿಸಿದರು, ಅವರ ಮನೆಯಲ್ಲೂ ಸಣ್ಣ ಮಗು ಇದೆ. ಅವರ ಮೂಲಕ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ತಲುಪಿತು. ಶನಿವಾರ ಲಿಫ್ಟಿನೊಳಗೆ ನೋಟಿಸ್: ಕೊರೊನಾ ಇರುವ ಸಾಕುಪ್ರಾಣಿಗಳನ್ನು ಲಿಫ್ಟಿನಲ್ಲಿ ತರಬಾರದು. ಬೆಲ್ಲನನ್ನು ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿನ ಪಕ್ಕ ಕೂಡಿಹಾಕಿದರು. ರಾಗಿಯನ್ನು ಬಾಲ್ಕನಿಯಲ್ಲಿ ಕಟ್ಟಿದರು. ಅದಕ್ಕೇನೂ ಆಗಿರಲಿಲ್ಲ ಪಾಪ, ಜೊತೆಗಿತ್ತು ಅನ್ನುವುದೇ ತಪ್ಪು.

ಈ ನಾಲ್ಕು ದಿನ ಯಾರೂ ಡಾಕ್ಟರ ಹತ್ತಿರ ಹೋಗಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ಮೊದಲ ಕ್ಲಿನಿಕ್ಕಿನಲ್ಲಿ ಕಳೆದ ದಿನಗಳು ಗೊತ್ತಿಲ್ಲದೆ ಕಳೆದದ್ದು, ಈ ನಾಲ್ಕು ದಿನ ಗೊತ್ತಾದ ಮೇಲೆ ಕಳೆದದ್ದು. ನೀರು ಕಟ್ಟುವ ಎಫ್‌ಐಪಿ ತುಂಬ ಬೇಗ ಓಡುತ್ತದೆ. ಔಷಧಿ ಇಲ್ಲದಿದ್ದರೆ ದಿನಗಳ, ಹೆಚ್ಚೆಂದರೆ ವಾರಗಳ ಮಾತು.

ಭಾನುವಾರ, ಆಗಸ್ಟ್ 4, ಭೀಮನ ಅಮಾವಾಸ್ಯೆ. ಗೆಳತಿ ಅಳುತ್ತಾ ಫೋನ್ ಮಾಡಿದಳು. "ನಿಮ್ಮನೆಗೆ ವಾಪಸ್ ತಗೊತೀಯಾ?" ಅಂತ ಕೇಳಿದಳು. ವರದಿ ಕಳಿಸು ಅಂದೆ. ನೋಡಿದೆ. ತಕ್ಷಣ ಸ್ಕೂಟರ್ ತೆಗೆದೆ.

ಅಲ್ಲಿ ಊಟದ ಮೇಜಿನ ಸುತ್ತ ಕೂತು ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೊರೊನಾ ಅನ್ನುವುದು ಒಂದು ವೈರಸ್ಸಿನ ಹೆಸರಲ್ಲ, ಮನೆತನದ ಹೆಸರು. ಬೆಕ್ಕಿನ ಕೊರೊನಾ ಆ ಮನೆತನದ ಆಲ್ಫಾ ಕವಲು. ನಾಯಿಯ ಕರುಳಿಗೆ ಬಂದು ಮರಿಗಳಿಗೆ ಭೇದಿ ಹಿಡಿಸುವ ಕೊರೊನಾ ಕೂಡ ಆಲ್ಫಾ. ಕೋವಿಡ್ ತಂದದ್ದು ಬೀಟಾ ಕವಲಿನದು. ಬೆಕ್ಕಿನದು ಹೊಸದೇನಲ್ಲ, ಎಫ್‌ಐಪಿ ಕಾಯಿಲೆಯನ್ನು 1963ರಲ್ಲೇ ಅಮೆರಿಕದಲ್ಲಿ ವೈದ್ಯರು ಗುರುತಿಸಿ ಬರೆದಿದ್ದಾರೆ. ಕೋವಿಡ್ ಯಾರ ಕನಸಿನಲ್ಲೂ ಇರಲಿಲ್ಲ ಆಗ. ಇದು ಮನುಷ್ಯರಿಗೆ ಅಂಟುವುದಿಲ್ಲ. ಅಮ್ಮನಿಗೂ ಅಂಟುವುದಿಲ್ಲ, ಕೆಲಸದವರ ಮಗುವಿಗೂ ಅಂಟುವುದಿಲ್ಲ, ರಾಗಿಯನ್ನೂ ಬಾಲ್ಕನಿಯಲ್ಲಿ ಕಟ್ಟಬೇಕಾಗಿಲ್ಲ.

ಗೆಳತಿಯ ಗಂಡ ಒಂದು ಒಳ್ಳೆ ಪ್ರಶ್ನೆ ಕೇಳಿದ. "ರಾಗಿ ಲಸಿಕೆ ಪುಸ್ತಕದಲ್ಲಿ ಕೊರೊನಾ ಅಂತ ಸ್ಟಿಕ್ಕರ್ ಇದೆಯಲ್ಲ, ಅದನ್ನೇ ಬೆಲ್ಲಂಗೂ ಹಾಕ್ಸಿದ್ರೆ?" ನೈನ್ ಇನ್ ಒನ್ ಲಸಿಕೆಯ ಸೀಸೆ ಅದು. ಅದರಲ್ಲಿ ಇರುವುದು ನಾಯಿಯ ಕರುಳಿನ ಕೊರೊನಾಗೆ ಮಾತ್ರ. ಬೆಕ್ಕಿಗೂ ಕೆಲಸಕ್ಕೆ ಬಾರದು, ಕೋವಿಡ್‌ಗೂ ಬಾರದು. 2020ರಲ್ಲಿ ಇಂಥದೇ ಸೀಸೆಯ ಫೋಟೋ ಹಾಕಿ "ನೋಡಿ, ಲಸಿಕೆ ಮೊದಲೇ ಇತ್ತು, ಮುಚ್ಚಿಟ್ಟಿದ್ದಾರೆ" ಅಂತ ಫಾರ್ವರ್ಡ್ ಮಾಡಿದವರು ನಮ್ಮ ನೆಂಟರಲ್ಲೂ ಇದ್ದಾರೆ. ನಿಜ ಹೇಳಬೇಕೆಂದರೆ ನಾಯಿಗೂ ಆ ಕೊರೊನಾ ಭಾಗ ಅಷ್ಟೇನೂ ಬೇಕಿಲ್ಲ, ವಿಶ್ವ ಸಣ್ಣಪ್ರಾಣಿ ವೈದ್ಯರ ಸಂಘ ಅದನ್ನು ಶಿಫಾರಸು ಮಾಡದ ಪಟ್ಟಿಯಲ್ಲಿ ಇಟ್ಟಿದೆ. ಪ್ರಾಣಿಗಳಿಗೆ ಕೋವಿಡ್‌ನದೇ ಲಸಿಕೆ ನಮ್ಮ ದೇಶದಲ್ಲಿ ತಯಾರಾಗಿದೆ, ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದವರು ಮಾಡಿದ ಆಂಕೋವ್ಯಾಕ್ಸ್, 2022ರ ಜೂನ್‌ನಲ್ಲಿ ಬಿಡುಗಡೆ ಆಯಿತು. ಅದು ಬೇರೆಯೇ.

ಹಾಗಾದರೆ ಬೆಕ್ಕು ನಾಯಿಗೆ ಕೋವಿಡ್ ಬರುವುದೇ ಇಲ್ಲವೇ? ಬರುತ್ತದೆ. ಸುಳ್ಳು ಸಮಾಧಾನ ಹೇಳಬಾರದು. 2020ರ ಫೆಬ್ರವರಿಯಲ್ಲೇ ಹಾಂಗ್‌ಕಾಂಗ್‌ನಲ್ಲಿ ಒಂದು ಮುದಿ ಪೊಮೇರಿಯನ್ ನಾಯಿಯಲ್ಲಿ ಅದು ಸಿಕ್ಕಿತು. 2021ರ ಮೇನಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ಬಂತು, ಮುಂದಿನ ತಿಂಗಳು ಚೆನ್ನೈನ ವಂಡಲೂರಿನಲ್ಲಿ ಸಿಂಹಗಳು ಸತ್ತವು. ನಾಯಿಗಿಂತ ಬೆಕ್ಕಿನ ಜಾತಿಗೆ ಸುಲಭವಾಗಿ ತಗಲುತ್ತದೆ. ಆದರೆ ದಾರಿ ಮಾಮೂಲಾಗಿ ನಮ್ಮಿಂದ ಅವಕ್ಕೆ, ಅವುಗಳಿಂದ ನಮಗೆ ತೀರಾ ಅಪರೂಪ. ಥಾಯ್ಲೆಂಡಿನಲ್ಲಿ 2021ರಲ್ಲಿ ಪರೀಕ್ಷೆ ಮಾಡುತ್ತಿದ್ದ ವೈದ್ಯರ ಮುಖಕ್ಕೆ ಬೆಕ್ಕೊಂದು ಸೀನಿ ಅವರಿಗೆ ಕೋವಿಡ್ ಆದದ್ದು ದಾಖಲಾಗಿದೆ. ಮನೆಯ ಬೆಕ್ಕು ನಾಯಿಗಳಿಗೆ ಬಂದರೂ ಬಹುಪಾಲು ಸ್ವಲ್ಪ ಸೀನು, ಸುಸ್ತು, ಇಲ್ಲವೇ ಏನೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಕೋವಿಡ್ ಆದರೆ ಅವರು ಬೆಕ್ಕನ್ನು ತಬ್ಬಿಕೊಂಡು ಮಲಗದಿದ್ದರೆ ಸಾಕು, ಊಟ ಇನ್ನೊಬ್ಬರು ಹಾಕಲಿ. ದಯವಿಟ್ಟು ಅದರ ಮೈಗೆ ಸ್ಯಾನಿಟೈಸರ್ ಬಳಿಯಬೇಡಿ, ಮೈ ನೆಕ್ಕುವ ಪ್ರಾಣಿ ಅದು.

ಇಷ್ಟೆಲ್ಲ ಹೇಳಿದ ಮೇಲೆ ನಾನೊಂದು ಎಡವಟ್ಟು ಮಾಡಿದೆ. ಔಷಧಿಯ ಮಾತು ಬಂತು. ಎಫ್‌ಐಪಿಗೆ ಈಗ ಕೊಡುವುದು ಜಿಎಸ್-441524. ರೆಮ್‌ಡೆಸಿವಿರ್ ಮೈಯೊಳಗೆ ಹೋದ ಮೇಲೆ ಬದಲಾಗಿ ರಕ್ತದಲ್ಲಿ ಜಾಸ್ತಿ ಹೊತ್ತು ಓಡಾಡುವುದು ಇದೇ ವಸ್ತು. ಎರಡೂ ಗಿಲಿಯಡ್ ಕಂಪನಿಯಲ್ಲಿ ಹುಟ್ಟಿದ್ದು. ನಾನು ಉತ್ಸಾಹದಲ್ಲಿ "ಅಮ್ಮಾ, ನಿಮಗೆ ಆಸ್ಪತ್ರೆಯಲ್ಲಿ ಹಾಕಿದ್ರಲ್ಲ, ಹೆಚ್ಚುಕಮ್ಮಿ ಅದೇ ಔಷಧಿ" ಅಂದುಬಿಟ್ಟೆ. ಮೇಜಿನ ಸುತ್ತ ಎಲ್ಲ ಸುಮ್ಮನಾದರು. ಗೆಳತಿಯ ಗಂಡ ಎದ್ದು ನೀರು ಕುಡಿಯೋಕೆ ಅಂತ ಒಳಗೆ ಹೋದ. ಅಮ್ಮ ಮಾಸ್ಕ್ ಸರಿಮಾಡಿಕೊಂಡು ಕೇಳಿದರು, "ಔಷಧಿ ಒಂದೇ ಅಂದ್ಮೇಲೆ ಕಾಯ್ಲೇನೂ ಒಂದೇ ಅಲ್ವೇನಮ್ಮ?"

ಅರ್ಧ ಗಂಟೆಯ ಪಾಠ ಅಲ್ಲಿಗೆ ಕೊಚ್ಚಿಹೋಯಿತು.

ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವ ಯಂತ್ರ ಆ ಇಡೀ ಮನೆತನದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ, ಔಷಧಿ ಆ ಯಂತ್ರಕ್ಕೆ ಅಡ್ಡ ಕೂರುತ್ತದೆ, ಆದ್ದರಿಂದ ಔಷಧಿ ಒಂದಾದರೂ ವೈರಸ್ ಬೇರೆ ಅಂತ ನಾನು ಏನೇನೋ ತೊದಲಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ತಾವೇ ಹೇಳಿದರು. "ಕುಡುಗೋಲು ಒಂದೇ. ಭತ್ತಾನೂ ಅದರಲ್ಲೇ ಕೊಯ್ಯೋದು, ರಾಗೀನೂ ಅದರಲ್ಲೇ ಕೊಯ್ಯೋದು. ಅಷ್ಟೇ ತಾನೆ?" ಅಷ್ಟೇ ಅಂದೆ. ಎದ್ದು ಹೋಗಿ ಯುಟಿಲಿಟಿಯ ಬಾಗಿಲು ತೆಗೆದರು. ಮಾಸ್ಕ್ ಮಾತ್ರ ಅವತ್ತು ರಾತ್ರಿಯ ತನಕ ತೆಗೆಯಲಿಲ್ಲ.

ಮಾರನೇ ದಿನ, ಶ್ರಾವಣದ ಮೊದಲ ಸೋಮವಾರ, ಔಷಧಿ ಶುರು. ಬೆಲ್ಲನ ತೂಕ 2.6 ಕಿಲೋ, ಅದರಲ್ಲಿ ಹೊಟ್ಟೆಯ ನೀರೂ ಸೇರಿತ್ತು. ಮಾತ್ರೆಯ ಲೆಕ್ಕ ತೂಕದ ಮೇಲೆ. ನೀರು ಕಟ್ಟಿದ ಎಫ್‌ಐಪಿಗೆ ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂನ ಆಸುಪಾಸು, ಕಣ್ಣಿಗೋ ಮಿದುಳಿಗೋ ಹೋಗಿದ್ದರೆ ಇನ್ನೂ ಜಾಸ್ತಿ. ಇದನ್ನು ಓದಿ ನೀವೇ ಶುರು ಮಾಡಬೇಡಿ, ನಮ್ಮ ಡಾಕ್ಟರೇ ಕಣ್ಣು, ನಡಿಗೆ ಎಲ್ಲ ನೋಡಿ ನಿರ್ಧರಿಸಿದ್ದು. ಔಷಧಿಯನ್ನೂ ಅವರ ಮೂಲಕವೇ ತರಿಸಿದ್ದು. ಒಟ್ಟು ಖರ್ಚು ಒಂದು ಹೊಸ ಸ್ಕೂಟರಿನ ಅರ್ಧದಷ್ಟಾಯಿತು, ಗೆಳೆಯರು ಸೇರಿ ಸ್ವಲ್ಪ ಹಾಕಿದೆವು.

84 ದಿನ ಯಾಕೆ? 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್‌ಸನ್ ಮತ್ತು ಜೊತೆಯವರು 31 ಬೆಕ್ಕುಗಳಿಗೆ ಇದನ್ನು ಕೊಟ್ಟು ಪ್ರಕಟಿಸಿದರು. ಐದು ಬೆಕ್ಕು ಮೊದಮೊದಲೇ ಹೋದವು, 26 ಬೆಕ್ಕು 12 ವಾರ ಮುಗಿಸಿದವು. ಕೆಲವಕ್ಕೆ ಕಾಯಿಲೆ ಮರುಕಳಿಸಿ ಮತ್ತೆ ಕೊಡಬೇಕಾಯಿತು. ಅಲ್ಲಿಯ ತನಕ ಎಫ್‌ಐಪಿ ಅಂದರೆ ಸಾವು ಅಂತಲೇ ಅರ್ಥ. ಆ 12 ವಾರವೇ 84 ದಿನ. 2024ರಲ್ಲೇ ಜರ್ಮನಿಯಲ್ಲಿ 40 ಬೆಕ್ಕುಗಳ ಮೇಲೆ ನಡೆದ ಅಧ್ಯಯನದಲ್ಲಿ ನೀರು ಕಟ್ಟುವ ಬಗೆಗೆ 42 ದಿನವೂ ಅಷ್ಟೇ ಕೆಲಸ ಮಾಡಿತು. ಡಾಕ್ಟರಿಗೆ ಇದು ಗೊತ್ತಿತ್ತು. ಆದರೂ ಬೆಲ್ಲ ತಡವಾಗಿ ಬಂದಿದ್ದರಿಂದ 84ಕ್ಕೇ ಹೋಗೋಣ ಅಂದರು.

ಮೂರನೇ ದಿನ ಜ್ವರ 101.8. ನಾಲ್ಕನೇ ದಿನ ಬೆಳಗ್ಗೆ ಅವನು ರಾಗಿಯ ಬಟ್ಟಲಿಗೆ ಬಾಯಿ ಹಾಕಿದ. ಎರಡು ವಾರಕ್ಕೆ ಹೊಟ್ಟೆ ಇಳಿದು ಚರ್ಮ ಜೋಲುಬಿತ್ತು, ತೂಕ 2.4ಕ್ಕೆ ಬಂತು, ಗೆಳತಿ ಗಾಬರಿಯಾದಳು. ನೀರು ಹೋದರೆ ತೂಕ ಇಳಿಯಲೇಬೇಕಲ್ಲ. ಅಲ್ಲಿಂದ ಏರುತ್ತಾ ಹೋಯಿತು. ಪ್ರತಿ ವಾರ ತೂಗಬೇಕು, ಯಾಕೆಂದರೆ ಬೆಕ್ಕು ದಪ್ಪವಾದ ಹಾಗೆ ಮಾತ್ರೆಯೂ ಏರಬೇಕು. ಹಳೇ ತೂಕಕ್ಕೇ ಕೊಡುತ್ತಾ ಹೋದರೆ ಔಷಧಿ ಸಾಲದೇ ಕಾಯಿಲೆ ಮರುಕಳಿಸಬಹುದು.

ಲೆಕ್ಕ ಇಟ್ಟವರು ಅಮ್ಮ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ದಿನಾ "ಬೆಲ್ಲ 1" ಅಂತ ಬರೆದು ಗೀಟು ಹಾಕುತ್ತಿದ್ದರು. ಗೆಳತಿಯ ಮೈದುನ ಒಂದು ಭಾನುವಾರ ಬಂದವನು ಅದನ್ನು ನೋಡಿ "ದಿನಾ ಒಂದು ಅಚ್ಚು ಬೆಲ್ಲ ಖರ್ಚಾಗ್ತಿದೆಯಾ, ಅಮ್ಮಂಗೆ ಶುಗರ್ ಇಲ್ವಾ?" ಅಂತ ಜಗಳಕ್ಕೇ ನಿಂತನಂತೆ. ಮಾತ್ರೆಗೆ ತುಪ್ಪ ಸವರಿ ನಾಲಿಗೆಯ ಹಿಂದಕ್ಕೆ ಹಾಕಿ, ಮೇಲಿಂದ ಸಿರಿಂಜಿನಲ್ಲಿ ಸ್ವಲ್ಪ ನೀರು. ಅದೂ ಅಮ್ಮನದೇ ಕೈ. ಗಣೇಶನ ಹಬ್ಬದ ದಿನ, ಸೆಪ್ಟೆಂಬರ್ 7, ಮನೆ ತುಂಬ ಜನ ಬಂದು ಬೆಳಗ್ಗೆ ಹತ್ತರ ಮಾತ್ರೆ ಸಂಜೆ ನಾಲ್ಕಕ್ಕೆ ಹೋಯಿತು. ಅವತ್ತಿನ ಚೌಕದಲ್ಲಿ "ಬೆಲ್ಲ 1 ತಡ" ಅಂತಿದೆ. ಹೊತ್ತು ತಪ್ಪಿದ್ದು ಅದೊಂದೇ ಸಲ.

ಈಗ ನನ್ನ ಮನೆಯ ವಿಷಯ. ಇದನ್ನು ಬರೆಯದೆ ಬಿಟ್ಟರೆ ಈ ಪ್ರಕರಣ ಪೂರ್ತಿ ಆಗುವುದಿಲ್ಲ.

ಬೆಕ್ಕಿನ ಕೊರೊನಾ ಮಲದಿಂದ ಹರಡುತ್ತದೆ. ಒಂದೇ ಲಿಟರ್ ಟ್ರೇ, ಅಂದರೆ ಮಲಮೂತ್ರಕ್ಕೆ ಇಡುವ ತಟ್ಟೆ, ಬಳಸುವ ಬೆಕ್ಕುಗಳಲ್ಲಿ ಒಂದಕ್ಕಿದ್ದರೆ ಹೆಚ್ಚುಕಮ್ಮಿ ಎಲ್ಲಕ್ಕೂ. ಬಹುಪಾಲು ಬೆಕ್ಕುಗಳಿಗೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ನಾಲ್ಕು ದಿನ ಭೇದಿ. ನೂರಕ್ಕೆ ಹತ್ತನ್ನು ಮೀರದಷ್ಟು ಬೆಕ್ಕುಗಳಲ್ಲಿ, ಅದರಲ್ಲೂ ಎರಡು ವರ್ಷದ ಒಳಗಿನವುಗಳಲ್ಲಿ, ಆ ವೈರಸ್ ಮೈಯೊಳಗೇ ರೂಪ ಬದಲಿಸಿ ಕರುಳು ಬಿಟ್ಟು ರಕ್ತದ ಬಿಳಿಕಣಗಳಿಗೆ ಹೊಕ್ಕು ಎಫ್‌ಐಪಿ ಆಗುತ್ತದೆ. ಆಪರೇಷನ್, ಮನೆ ಬದಲಾವಣೆ, ಇಂಥ ಒತ್ತಡಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ. ಬೆಲ್ಲನಿಗೆ ಒಂದರ ಹಿಂದೆ ಒಂದು ಎರಡೂ ಆದವು. ಮನೆ ಬದಲಿಸುವುದು ಅವರ ಕೈಯಲ್ಲಿ ಇರಲಿಲ್ಲ. ಆದರೆ ಅವನು ಮರಿಯಾಗಿದ್ದಾಗ ನಮ್ಮ ಮನೆಯಲ್ಲಿ ಒಂದೇ ರೂಮಿನಲ್ಲಿ ಏಳು ಬೆಕ್ಕು ಇದ್ದವು, ಟ್ರೇ ಎರಡೇ. ದಿನಕ್ಕೆ ಒಂದು ಸಲ ಕ್ಲೀನ್ ಮಾಡುತ್ತಿದ್ದೆ, ಕೆಲಸ ಜಾಸ್ತಿ ಇದ್ದರೆ ಅದೂ ಇಲ್ಲ. ವೈರಸ್ ಎಲ್ಲಿಂದ ಬಂತು ಅಂತ ಖಚಿತವಾಗಿ ಯಾರೂ ಹೇಳಲಾರರು, ಡಾಕ್ಟರ್ ಕೂಡ "ನಾಲ್ಕಾರು ಬೆಕ್ಕು ಇರುವ ಮನೆಗಳಲ್ಲಿ ಇದು ಇದ್ದೇ ಇರುತ್ತದೆ, ಬೇಜಾರು ಮಾಡ್ಕೋಬೇಡಿ" ಅಂದರು. ಅವರು ಒಳ್ಳೆಯವರು. ನಾನು ಮಾತ್ರ ಆ ಎರಡು ಟ್ರೇಗಳನ್ನು ಮರೆತಿಲ್ಲ.

ಬೆಲ್ಲನ ಜೊತೆಗೆ ಹುಟ್ಟಿದ ಎರಡು ಮರಿಗಳ ಮನೆಯವರಿಗೂ ಫೋನ್ ಮಾಡಿ ಹೇಳಿದೆ. ಎರಡೂ ಚೆನ್ನಾಗಿವೆ. ಒಬ್ಬರು "ನಮ್ಮದಕ್ಕೂ ಕೊರೊನಾ ಟೆಸ್ಟ್ ಮಾಡಿಸ್ಲಾ?" ಅಂತ ಕೇಳಿದರು. ಬೇಡ ಅಂದೆ. ಚೆನ್ನಾಗಿರುವ ಬೆಕ್ಕಿನ ಮಲದಲ್ಲೋ ರಕ್ತದಲ್ಲೋ ಪಾಸಿಟಿವ್ ಬಂದರೆ ಅದು ಎಂದೋ ವೈರಸ್ ಕಂಡಿದೆ ಅಂತ ಅಷ್ಟೇ ಗೊತ್ತಾಗುವುದು, ಕಾಯಿಲೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಲ್ಲನ ವರದಿಗೆ ಬೆಲೆ ಬಂದದ್ದು ಅದು ಹೊಟ್ಟೆಯ ದ್ರವದ್ದು, ಮತ್ತೆ ಉಳಿದ ಎಲ್ಲವೂ ಒಂದೇ ಕಡೆ ಕೈ ತೋರಿಸುತ್ತಿದ್ದವು ಅನ್ನುವುದಕ್ಕೆ. ಸುಮ್ನೆ ಒಂದು ಪಾಸಿಟಿವ್ ಹಿಡಿದುಕೊಂಡು ಏನು ಮಾಡುತ್ತೀರಿ? ತೂಕ ನೋಡುತ್ತಿರಿ, ಬೆನ್ನು ಸವರುತ್ತಿರಿ ಅಂದೆ.

ಈಗ ನಮ್ಮಲ್ಲಿ ಒಂದು ರೂಮಿಗೆ ಮೂರೇ ಬೆಕ್ಕು, ಟ್ರೇ ನಾಲ್ಕು, ದಿನಕ್ಕೆ ಎರಡು ಸಲ ಕ್ಲೀನ್, ವಾರಕ್ಕೊಮ್ಮೆ ಬ್ಲೀಚ್ ನೀರಿನಲ್ಲಿ ತೊಳೆದು ಬಿಸಿಲಿಗೆ. ಮೊದಲಿಗಿಂತ ಕಮ್ಮಿ ಮರಿಗಳನ್ನು ತರುತ್ತೇನೆ. ಬೇಡ ಅನ್ನುವಾಗ ಸಂಕಟ ಆಗುತ್ತದೆ.

ಅಕ್ಟೋಬರ್ 27ಕ್ಕೆ 84ನೇ ಮಾತ್ರೆ. ದೀಪಾವಳಿಗೆ ನಾಲ್ಕು ದಿನ ಇತ್ತು. ಪಟಾಕಿಯ ಗದ್ದಲಕ್ಕೆ ಎಲ್ಲಿ ಮತ್ತೆ ಶುರುವಾಗುತ್ತದೋ ಅಂತ ಮೂರು ರಾತ್ರಿ ಬೆಲ್ಲನನ್ನೂ ರಾಗಿಯನ್ನೂ ಅಮ್ಮ ತಮ್ಮ ರೂಮಿನಲ್ಲೇ ಮಲಗಿಸಿಕೊಂಡರು, ಕಿಟಕಿಗೆ ಕಂಬಳಿ ಕಟ್ಟಿ. ಆಮೇಲೆ ಇನ್ನೂ 84 ದಿನ ಔಷಧಿ ಇಲ್ಲದೆ ಬರೀ ಕಾಯುವುದು. ಮರುಕಳಿಸುವುದಾದರೆ ಹೆಚ್ಚಾಗಿ ಈ ಅವಧಿಯಲ್ಲೇ. ಎರಡು ಸಲ ಸುಳ್ಳು ಗಾಬರಿ ಆಯಿತು, ಒಂದು ಸಲ ಕೂದಲುಂಡೆ ವಾಂತಿ, ಇನ್ನೊಂದು ಸಲ ಥರ್ಮಾಮೀಟರಿನ ಬ್ಯಾಟರಿ.

2025ರ ಜನವರಿ 19ಕ್ಕೆ ಆ ಲೆಕ್ಕವೂ ಮುಗಿಯಿತು. ಮಾರನೇ ದಿನದ ರಕ್ತಪರೀಕ್ಷೆಯಲ್ಲಿ ಪ್ರೋಟೀನ್‌ಗಳ ಆ ಲೆಕ್ಕ 0.35 ಇದ್ದದ್ದು 0.9 ಆಗಿತ್ತು. ತೂಕ 4.2 ಕಿಲೋ. ಡಾಕ್ಟರ್ ಫೈಲ್ ಮುಚ್ಚಿದರು. ಹೊಸ ವರ್ಷದ ಕ್ಯಾಲೆಂಡರ್ ಬಂದಿದ್ದರೂ ಹಳೆಯದನ್ನು ಅಮ್ಮ ರದ್ದಿಗೆ ಹಾಕಿಲ್ಲ, ಮಡಿಸಿ ಲಸಿಕೆ ಪುಸ್ತಕದ ಜೊತೆ ಇಟ್ಟಿದ್ದಾರೆ. ಹಳೇ ಕೆಲಸದವರು ವಾಪಸ್ ಬರಲಿಲ್ಲ, ಬೇರೆ ಮನೆ ಹಿಡಿದಿದ್ದರು. ಕ್ಲಿನಿಕ್ಕಿಂದ ಬರುವಾಗ ನಾನೂ ಜೊತೆಗಿದ್ದೆ. ಬುಟ್ಟಿ ಹಿಡಿದುಕೊಂಡು ಲಿಫ್ಟ್ ಹತ್ತಿದೆವು. ಆಗಸ್ಟಿನ ನೋಟಿಸ್ ಇನ್ನೂ ಅಲ್ಲೇ ಅಂಟಿಕೊಂಡಿತ್ತು, ಯಾರೋ ಅದರ ಮೇಲೆ ಹಾಲಿನವರ ನಂಬರ್ ಬರೆದಿದ್ದರು.